ತೋನೊ: ಜಪಾನಿನ ಜನಪದ ಕಥೆಗಳ ಬೇಸಾಯದ ನಗರ

ತೋನೊ: ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಈಶಾನ್ಯಕ್ಕಿರುವ ತೊಹೊಕು ಪ್ರದೇಶದಲ್ಲಿ, ಇವಾತೆ ಪ್ರಾಂತ್ಯಕ್ಕೆ ಸೇರಿದ ನಗರ. ಸುತ್ತಲೂ ಬೆಟ್ಟಗಳಿರುವ ಬಟ್ಟಲಿನಾಕಾರದ ಕಣಿವೆಯಲ್ಲಿದೆ. ವಿಸ್ತೀರ್ಣ ಸುಮಾರು 826 ಚ.ಕಿಮೀ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 25,000. ಆಡಳಿತದ ಲೆಕ್ಕದಲ್ಲಿ ಇದು ನಗರವಾದರೂ ನೆಲದ ಮೇಲೆ ಕಾಣುವುದು ಒಂದು ಸಣ್ಣ ಪೇಟೆ ಮತ್ತು ಅದರ ಸುತ್ತ ಚೆದರಿದ ಹಳ್ಳಿಗಳು, ಭತ್ತದ ಗದ್ದೆಗಳು, ಹಾಪ್ಸ್ ತೋಟಗಳು, ಹುಲ್ಲುಗಾವಲುಗಳು. ನಗರದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೆಲ ಕಾಡು. ಯಾನಗಿತಾ ಕುನಿಯೊ 1910ರಲ್ಲಿ ಪ್ರಕಟಿಸಿದ ‘ತೋನೊ ಮೊನೊಗತಾರಿ’ (ತೋನೊ ಕಥೆಗಳು) ಎಂಬ ಗ್ರಂಥದಿಂದ ಈ ಊರು ಜಪಾನಿನ ಜಾನಪದ ಅಧ್ಯಯನದ ತವರೆಂದು ಹೆಸರಾಗಿದೆ.

ನೆಲ, ನೀರು, ಹವೆ

ಕಿತಾಕಾಮಿ ಎತ್ತರನಾಡು ಇವಾತೆಯ ಪೂರ್ವಾರ್ಧವನ್ನು ಪೂರ್ತಿ ಆವರಿಸಿದೆ. ಬಹುಕಾಲದ ಸವೆತದಿಂದ ದುಂಡಗಾದ ಈ ಬೆಟ್ಟಗಳ ನಡುವೆ ಸಿಕ್ಕುವ ದೊಡ್ಡ ಸಮತಟ್ಟುಗಳಲ್ಲಿ ತೋನೊ ಒಂದು. ಪೇಟೆ ಸಮುದ್ರಮಟ್ಟದಿಂದ 260 ಮೀಟರಿನಷ್ಟು ಎತ್ತರದಲ್ಲಿದೆ. ಉತ್ತರದಲ್ಲಿ ಹಾಯಚಿನೆ (1,917 ಮೀ), ಪೂರ್ವದಲ್ಲಿ ರೊಕ್ಕೋಶಿ, ವಾಯವ್ಯದಲ್ಲಿ ಇಶಿಗಾಮಿ ಬೆಟ್ಟಗಳಿವೆ. ಇವು ಮೂರನ್ನೂ ಸೇರಿಸಿ ‘ತೋನೊದ ಮೂರು ಬೆಟ್ಟ’ ಎನ್ನುತ್ತಾರೆ. ದೇವಿಯೊಬ್ಬಳು ತನ್ನ ಮೂವರು ಹೆಣ್ಣುಮಕ್ಕಳಿಗೆ ಈ ಬೆಟ್ಟಗಳನ್ನು ಹಂಚಿದಳೆಂದು ಐತಿಹ್ಯ. ರಾತ್ರಿ ಯಾರ ಎದೆಯ ಮೇಲೆ ಆಕಾಶದ ಹೂವು ಇಳಿಯುವುದೋ ಅವಳಿಗೆ ಎಲ್ಲಕ್ಕಿಂತ ಚೆಲುವಾದ ಬೆಟ್ಟ ಎಂದು ತಾಯಿ ಮಾತು ಕೊಟ್ಟಿದ್ದಳು. ಹೂವು ಇಳಿದದ್ದು ಹಿರಿಯಳ ಎದೆಗೆ. ಎಚ್ಚರವಾಗಿದ್ದ ಕಿರಿಯಳು ಅದನ್ನು ಮೆಲ್ಲನೆ ಎತ್ತಿ ತನ್ನ ಎದೆಯ ಮೇಲಿಟ್ಟುಕೊಂಡು ಹಾಯಚಿನೆಯನ್ನು ಪಡೆದಳು.

ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು ಸಾರುಗಾಇಶಿ ನದಿ ಪಶ್ಚಿಮಕ್ಕೆ ಹರಿದು ಹನಮಾಕಿಯ ಬಳಿ ಕಿತಾಕಾಮಿ ನದಿಯನ್ನು ಸೇರುತ್ತದೆ. ಒಂದು ಕಾಲದಲ್ಲಿ ಈ ಕಣಿವೆ ಪೂರ್ತಿ ಸರೋವರವಾಗಿತ್ತು, ನೀರು ಹೊರಕ್ಕೆ ಹರಿದುಹೋದ ಮೇಲೆ ಇಲ್ಲಿ ಊರುಗಳು ಎದ್ದವು ಎಂಬ ನಂಬಿಕೆ ಹಳೆಯದು.

ಚಳಿಗಾಲ ಕಠಿಣ. ಬಟ್ಟಲಿನ ತಳದಲ್ಲಿ ತಣ್ಣನೆಯ ಗಾಳಿ ನಿಂತುಬಿಡುವುದರಿಂದ ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ರೈತರಿಗೆ ಇದಕ್ಕಿಂತ ಹೆಚ್ಚಿನ ಭಯ ಬೇಸಿಗೆಯದು. ಕೆಲವು ವರ್ಷ ಓಖೋಟ್‌ಸ್ಕ್ ಸಮುದ್ರದ ಕಡೆಯಿಂದ ‘ಯಾಮಾಸೆ’ ಎಂಬ ತಂಪಾದ, ತೇವದ ಈಶಾನ್ಯ ಮಾರುತ ವಾರಗಟ್ಟಲೆ ಬೀಸುತ್ತದೆ. ಮೋಡ ಕವಿದು ಬಿಸಿಲು ಕಡಿಮೆಯಾದರೆ ಭತ್ತದ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ಬರೀ ಜೊಳ್ಳು ಉಳಿಯುತ್ತದೆ. ತೊಹೊಕುವಿನ ದೊಡ್ಡ ಕ್ಷಾಮಗಳಿಗೆಲ್ಲ ಇಂಥ ತಣ್ಣನೆಯ ಬೇಸಿಗೆಗಳೇ ಮೂಲ. 1993ರಲ್ಲೂ ಇದೇ ಕಾರಣಕ್ಕೆ ಬೆಳೆ ಕೈಕೊಟ್ಟು ಜಪಾನ್ ಹೊರದೇಶಗಳಿಂದ ಅಕ್ಕಿ ತರಿಸಬೇಕಾಯಿತು.

ಚರಿತ್ರೆ

1189ರಲ್ಲಿ ಮಿನಾಮೊತೊ ನೊ ಯೊರಿತೊಮೊ ಉತ್ತರದ ಫುಜಿವಾರಾ ಮನೆತನವನ್ನು ಸೋಲಿಸಿದ ಮೇಲೆ ತೋನೊ ಸೀಮೆ ಅಸೊನುಮಾ ಮನೆತನದ ಕೈಸೇರಿತು. ಸುಮಾರು ನಾಲ್ಕು ಶತಮಾನ ಆಳಿದ ಈ ಮನೆತನ ಹದಿನಾರನೆಯ ಶತಮಾನದ ಕೊನೆಯಲ್ಲಿ ಪೇಟೆಯ ದಕ್ಷಿಣದ ನಬೆಕುರಾ ಗುಡ್ಡದ ಮೇಲೆ ಕೋಟೆ ಕಟ್ಟಿತು. 1600ರ ಸುಮಾರಿಗೆ ಒಡೆಯನು ಯುದ್ಧಕ್ಕೆ ಹೋಗಿದ್ದಾಗ ಅವನ ಕೈಕೆಳಗಿನವರೇ ದಂಗೆಯೆದ್ದರು. ಸೀಮೆ ಮೊರಿಯೊಕಾದ ನಂಬು ಅರಸರ ವಶವಾಯಿತು.

ದಕ್ಷಿಣಕ್ಕೆ ಸೆಂದಾಯಿಯ ದಾತೆ ಅರಸರ ರಾಜ್ಯವಿದ್ದುದರಿಂದ ತೋನೊ ಗಡಿಸೀಮೆಯಾಯಿತು. ಗಡಿ ಕಾಯಲು ನಂಬು ಅರಸರು 1627ರಲ್ಲಿ ತಮ್ಮ ಶಾಖೆಯ ಮನೆತನವೊಂದನ್ನು ಹಾಚಿನೊಹೆಯಿಂದ ಎಬ್ಬಿಸಿ ಇಲ್ಲಿಗೆ ಕಳಿಸಿದರು. ‘ತೋನೊ ನಂಬು’ ಎಂದು ಹೆಸರಾದ ಈ ಮನೆತನ ಸುಮಾರು 12,500 ಕೊಕು (ಅಕ್ಕಿಯ ಹಳೆಯ ಅಳತೆ) ಹುಟ್ಟುವಳಿಯ ಸೀಮೆಯನ್ನು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾದ ಮೇಜಿ ಕಾಲದವರೆಗೆ ಆಳಿತು.

ಊರು ಬೆಳೆದದ್ದು ಕೋಟೆಗಿಂತ ಹೆಚ್ಚಾಗಿ ಸಂತೆಯಿಂದ. ಪೂರ್ವಕ್ಕೆ ಕಾಮಾಇಶಿ, ಓತ್ಸುಚಿ ಮೊದಲಾದ ಕಡಲೂರುಗಳು. ಪಶ್ಚಿಮಕ್ಕೆ ಹನಮಾಕಿ, ಮೊರಿಯೊಕಾದ ಬಯಲು. ಇವೆರಡರ ನಡುವೆ ಹೇರುಗುದುರೆಗಳಿಗೆ ಒಂದು ದಿನದ ಹಾದಿಯಷ್ಟು ದೂರದಲ್ಲಿ ತೋನೊ ಇತ್ತು. ಕಡಲ ಕಡೆಯಿಂದ ಉಪ್ಪು, ಒಣಮೀನು, ಕಡಲಪಾಚಿ ಬಂದರೆ ಒಳನಾಡಿನಿಂದ ಅಕ್ಕಿ, ಕಾಳು, ಬಟ್ಟೆ ಬರುತ್ತಿತ್ತು. ತಿಂಗಳಿಗೆ ಆರು ಬಾರಿ, ಒಂದು ಮತ್ತು ಆರರ ಅಂಕೆಯ ದಿನಗಳಲ್ಲಿ ಸಂತೆ ನೆರೆಯುತ್ತಿತ್ತು. ಬೇಸಾಯದ ಬಿಡುವಿನಲ್ಲಿ ಕುದುರೆಯ ಮೇಲೆ ಸರಕು ಹೇರಿ ಕಣಿವೆದಾರಿ ದಾಟಿಸುವುದು ಇಲ್ಲಿನ ರೈತರಿಗೆ ಕೈತುಂಬ ಕಾಸು ತರುವ ಕಸುಬಾಗಿತ್ತು. ರಾತ್ರಿಯ ಕಾಡುದಾರಿಯಲ್ಲಿ ಕಂಡದ್ದು, ಕೇಳಿದ್ದು, ಹೆದರಿದ್ದು ಎಲ್ಲ ಸಂತೆಯಲ್ಲಿ ಸುದ್ದಿಯಾಗುತ್ತಿತ್ತು. ಬೆಟ್ಟಗಳ ಮರೆಯ ಊರಿನಲ್ಲಿ ಇಷ್ಟೊಂದು ಕಥೆಗಳು ಹೇಗೆ ಕೂಡಿದವು ಎಂಬ ಪ್ರಶ್ನೆಗೆ ಈ ಸಂತೆಯಲ್ಲೇ ಉತ್ತರವಿದೆ.

1954ರ ಡಿಸೆಂಬರ್ 1ರಂದು ತೋನೊ ಪಟ್ಟಣ ಮತ್ತು ಸುತ್ತಲ ಏಳು ಗ್ರಾಮಗಳು ಒಂದಾಗಿ ತೋನೊ ನಗರ ರಚನೆಯಾಯಿತು. 2005ರ ಅಕ್ಟೋಬರ್ 1ರಂದು ಪಶ್ಚಿಮದ ಮಿಯಾಮೊರಿ ಗ್ರಾಮವೂ ಇದರಲ್ಲಿ ವಿಲೀನವಾಯಿತು.

ಕುದುರೆ ಮತ್ತು ಮಗಾರಿಯಾ ಮನೆ

ನಂಬು ಸೀಮೆ ಕುದುರೆ ಸಾಕಣೆಗೆ ಜಪಾನಿನಲ್ಲೆಲ್ಲ ಹೆಸರಾಗಿತ್ತು. ತೋನೊದ ರೈತನಿಗೆ ಕುದುರೆ ಉಳುಮೆಗೆ, ಹೇರಿಗೆ, ಗೊಬ್ಬರಕ್ಕೆ, ಮರಿಯ ಮಾರಾಟಕ್ಕೆ ಎಲ್ಲಕ್ಕೂ ಬೇಕಾಗಿತ್ತು. ಈ ಬದುಕಿನಿಂದ ಮೂಡಿದ್ದು ‘ಮಗಾರಿಯಾ’ ಎಂಬ ಮೂಲೆಗಟ್ಟಿನಾಕಾರದ ಮನೆ. ವಾಸದ ಮನೆಯೂ ಕುದುರೆ ಲಾಯವೂ ಒಂದಕ್ಕೊಂದು ಅಡ್ಡಲಾಗಿ ಕೂಡಿಕೊಂಡು ಒಂದೇ ಹುಲ್ಲುಛಾವಣಿಯ ಕಟ್ಟಡವಾಗಿರುತ್ತವೆ. ಅಡುಗೆ ಒಲೆಯ ಶಾಖ ಲಾಯಕ್ಕೂ ತಲುಪುತ್ತದೆ. ಹಿಮ ಬೀಳುವ ರಾತ್ರಿ ಹೊರಗೆ ಕಾಲಿಡದೆ ಕುದುರೆಯನ್ನು ನೋಡಿಕೊಳ್ಳಬಹುದು. ಒಲೆಯ ಹೊಗೆ ಛಾವಣಿಯ ಹುಲ್ಲಿಗೆ ಹುಳ ಹಿಡಿಯದಂತೆ ಕಾಯುತ್ತದೆ. ಅಯಾಓರಿ ಭಾಗದ ಏರಿನ ಮೇಲೆ ಕಲ್ಲುಗೋಡೆ ಕಟ್ಟಿ ನಿಲ್ಲಿಸಿರುವ ಚಿಬಾ ಮನೆತನದ ಮಗಾರಿಯಾ ಇವುಗಳಲ್ಲಿ ಪ್ರಸಿದ್ಧ. ಇದನ್ನು ಜಪಾನ್ ಸರ್ಕಾರ 2007ರಲ್ಲಿ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು.

ಮೇಜಿ ಕಾಲದಲ್ಲಿ ಸೈನ್ಯಕ್ಕೆ ಎತ್ತರದ ಕುದುರೆಗಳು ಬೇಕಾದಾಗ ಪಾಶ್ಚಾತ್ಯ ತಳಿಗಳೊಡನೆ ಬೆರೆಸಲಾಯಿತು. ಮೂಲ ನಂಬು ತಳಿ ಅಳಿದುಹೋಯಿತು. ಎರಡನೆಯ ಮಹಾಯುದ್ಧದ ನಂತರ ಟ್ರಾಕ್ಟರು, ಲಾರಿಗಳು ಬಂದು ಮನೆಮನೆಯ ಕುದುರೆಯೂ ಮರೆಯಾಯಿತು. ಈಗ ತೋನೊದಲ್ಲಿ ಸವಾರಿ ಕುದುರೆಗಳನ್ನು ಬೆಳೆಸಿ, ಪಳಗಿಸಿ ಮಾರುತ್ತಾರೆ.

ಕ್ಷಾಮದ ಗುರುತುಗಳು

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಹೊರೆಕಿ, ತೆನ್ಮೆಯ್ ಮತ್ತು ತೆನ್ಪೊ ಕ್ಷಾಮಗಳು ತೊಹೊಕುವನ್ನು ಬಗ್ಗುಬಡಿದವು. ಹಸಿವಿನಿಂದ ಸತ್ತವರ ಸದ್ಗತಿಗಾಗಿ ದಾಇಜಿಜಿ ದೇಗುಲದ ಗಿಜನ್ ಎಂಬ ಭಿಕ್ಷು ಪೇಟೆಯ ಪಕ್ಕದ ಕಾಡಿನ ಬಂಡೆಗಳ ಮೇಲೆ ಅರಹಂತರ ರೂಪಗಳನ್ನು ಕೊರೆದನು. ‘ಐನೂರು ಅರಹಂತರು’ ಎಂದು ಕರೆಯುವ ಈ ರೇಖಾಶಿಲ್ಪಗಳು ಇಂದು ಪಾಚಿ ಹಿಡಿದು ಕಷ್ಟದಿಂದ ಕಣ್ಣಿಗೆ ಬೀಳುತ್ತವೆ.

ಅರವತ್ತು ದಾಟಿದ ಮುದುಕರನ್ನು ಊರಾಚೆ ಬಿಡುತ್ತಿದ್ದರೆಂಬ ‘ದೆಂದೆರಾ’ ಬಯಲಿನ ಐತಿಹ್ಯವೂ ಇಂಥ ಹಸಿವಿನ ನೆನಪೇ. ಇದರಲ್ಲಿ ಮುದುಕರನ್ನು ಸಾಯಲೆಂದು ಕಾಡಿನ ಪಾಲು ಮಾಡುವುದಿಲ್ಲ. ಅವರು ಹಗಲು ಹಳ್ಳಿಗಿಳಿದು ಹೊಲದಲ್ಲಿ ದುಡಿದು, ಸಿಕ್ಕಿದ್ದನ್ನು ಉಂಡು, ಸಂಜೆ ತಮ್ಮ ಗುಡಿಸಲಿಗೆ ಮರಳುತ್ತಾರೆ. ಬೇಸಾಯದ ಕೆಲಸಕ್ಕೆ ಕೈ ಬೇಕು, ಹಂಚಲು ಅನ್ನ ಸಾಲದು ಎಂಬ ಲೆಕ್ಕವನ್ನು ಕಥೆ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

‘ತೋನೊ ಮೊನೊಗತಾರಿ’

ತೋನೊದ ತ್ಸುಚಿಬುಚಿ ಗ್ರಾಮದ ಯಾಮಾಗುಚಿ ಹಳ್ಳಿಯಲ್ಲಿ ಹುಟ್ಟಿದ ಸಾಸಾಕಿ ಕಿಜೆನ್ (1886–1933) ಸಾಹಿತಿಯಾಗುವ ಆಸೆಯಿಂದ ಟೋಕಿಯೊಗೆ ಹೋಗಿದ್ದರು. ಅಲ್ಲಿ 1908ರಲ್ಲಿ ಲೇಖಕ ಮಿಜುನೊ ಯೋಶೂ ಅವರ ಮೂಲಕ ಯಾನಗಿತಾ ಕುನಿಯೊ (1875–1962) ಅವರ ಪರಿಚಯವಾಯಿತು. ಯಾನಗಿತಾ ಕೃಷಿ ಆಡಳಿತದಲ್ಲಿ ನುರಿತ ಸರ್ಕಾರಿ ಅಧಿಕಾರಿ. ಹಳ್ಳಿಗಳ ಬಡತನಕ್ಕೆ ಕಾರಣ ಹುಡುಕುತ್ತ ಹಳ್ಳಿಗರ ನಂಬಿಕೆಗಳ ಕಡೆಗೆ ತಿರುಗಿದವರು. ಸಾಸಾಕಿ ಹೇಳಿದ ಕಥೆಗಳನ್ನು ಅವರು ಬರೆದುಕೊಂಡರು. 1909ರ ಆಗಸ್ಟಿನಲ್ಲಿ ಸ್ವತಃ ತೋನೊಗೆ ಹೋಗಿ ಬಂದರು. 1910ರ ಜೂನಿನಲ್ಲಿ 119 ತುಣುಕುಗಳ ಪುಸ್ತಕ ಅವರ ಸ್ವಂತ ಖರ್ಚಿನಲ್ಲಿ, ಕೇವಲ 350 ಪ್ರತಿಗಳಲ್ಲಿ ಅಚ್ಚಾಯಿತು.

ಈ ಕಥೆಗಳಿಗೆ ‘ಒಂದಾನೊಂದು ಊರು’ ಇಲ್ಲ. ಯಾವ ಹಳ್ಳಿ, ಯಾರ ಮನೆ, ಯಾವ ಕಣಿವೆದಾರಿ, ಎಷ್ಟು ವರ್ಷದ ಹಿಂದೆ ಎಂಬುದೆಲ್ಲ ಖಚಿತವಾಗಿರುತ್ತದೆ. ಬೆಟ್ಟದ ದೇವತೆಗಳು, ಕಾಡಿನ ಎತ್ತರದ ಮನುಷ್ಯರು, ತೋಳಗಳು, ಸತ್ತವರ ಸುಳಿದಾಟ, ಊರಿನ ಕೊಲೆ, ಹುಚ್ಚು, ವಲಸೆ ಎಲ್ಲವೂ ಒಂದೇ ದನಿಯಲ್ಲಿ ಬರುತ್ತವೆ. 99ನೆಯ ಕಥೆಯಲ್ಲಿ ಸುನಾಮಿಯಲ್ಲಿ ಹೆಂಡತಿಯನ್ನು ಕಳೆದುಕೊಂಡ ಗಂಡಸು ಮಂಜು ಮುಸುಕಿದ ರಾತ್ರಿ ಕಡಲತೀರದಲ್ಲಿ ಅವಳನ್ನು ಕಾಣುತ್ತಾನೆ. ಮದುವೆಗೆ ಮೊದಲು ಅವಳು ಪ್ರೀತಿಸಿದ್ದವನು ಜೊತೆಗಿರುತ್ತಾನೆ. ಅವನೂ ಅದೇ ಸುನಾಮಿಯಲ್ಲಿ ಸತ್ತವನು. ಕಥೆಯ ಹಿಂದಿರುವುದು 1896ರ ಜೂನ್ 15ರ ಸನ್ರಿಕು ಸುನಾಮಿ. ಅದರಲ್ಲಿ ಸುಮಾರು 22,000 ಜನ ಸತ್ತರು.

ಪುಸ್ತಕಕ್ಕೆ ಮೊದಲು ಅಷ್ಟಾಗಿ ಓದುಗರು ಸಿಗಲಿಲ್ಲ. 1935ರಲ್ಲಿ ಇನ್ನೂ 299 ತುಣುಕುಗಳನ್ನು ಸೇರಿಸಿ ಹೊಸ ಆವೃತ್ತಿ ಬಂತು. ಆ ಹೊತ್ತಿಗೆ ಯಾನಗಿತಾ ಜಪಾನಿ ಜಾನಪದ ಶಾಸ್ತ್ರದ ಸ್ಥಾಪಕರೆನಿಸಿದ್ದರು. ಕಾದಂಬರಿಕಾರ ಮಿಶಿಮಾ ಯುಕಿಯೊ ಇದರ ಗದ್ಯವನ್ನು ಮೆಚ್ಚಿ ಬರೆದರು. ಚಿಂತಕ ಯೊಶಿಮೊತೊ ತಾಕಾಅಕಿ 1968ರ ತಮ್ಮ ಗ್ರಂಥದಲ್ಲಿ ರಾಜ್ಯ ಮತ್ತು ಸಮುದಾಯದ ಕಲ್ಪನೆಗಳನ್ನು ವಿಶ್ಲೇಷಿಸಲು ಈ ಕಥೆಗಳನ್ನು ಬಳಸಿದರು. ಸಾಸಾಕಿಯವರ ಆಡುನುಡಿಯನ್ನು ಯಾನಗಿತಾ ಗ್ರಾಂಥಿಕ ಜಪಾನಿಗೆ ಇಳಿಸಿ ಕಡೆದದ್ದರಿಂದ ಹೇಳುಗನ ದನಿ ಮರೆಯಾಯಿತು ಎಂಬ ಟೀಕೆಯೂ ಇದೆ. ಸಾಸಾಕಿ ಮುಂದೆ ತಮ್ಮೂರಿನ ಗ್ರಾಮಾಧ್ಯಕ್ಷರಾದರು. ‘ಕಿಕಿಮಿಮಿ ಜೋಶಿ’ (1931) ಮೊದಲಾದ ಸಂಗ್ರಹಗಳನ್ನು ತಮ್ಮದೇ ಹೆಸರಿನಲ್ಲಿ ತಂದರು. ಭಾಷಾವಿದ್ವಾಂಸ ಕಿಂದಾಇಚಿ ಕ್ಯೋಸುಕೆ ಅವರನ್ನು ‘ಜಪಾನಿನ ಗ್ರಿಮ್’ ಎಂದು ಕರೆದರು. ತೈವಾನಿನ ಮೂಲನಿವಾಸಿಗಳನ್ನು ಅಧ್ಯಯನ ಮಾಡಿದ ಇನೊ ಕನೊರಿ (1867–1925) ಕೂಡ ತೋನೊದವರೇ.

ಮನೆಯ ಮತ್ತು ಹೊಲದ ದೇವತೆಗಳು

ಓಶಿರಾಸಾಮಾ: ಹಿಪ್ಪುನೇರಳೆಯ ಕಡ್ಡಿಯ ತುದಿಯಲ್ಲಿ ಕುದುರೆಯ ಮತ್ತು ಹೆಣ್ಣಿನ ಮುಖ ಕೆತ್ತಿ, ವರ್ಷವರ್ಷ ಬಟ್ಟೆಯ ಪದರ ತೊಡಿಸಿ ಪೂಜಿಸುವ ಜೋಡಿ ದೇವರು. ರೈತನ ಮಗಳು ಮನೆಯ ಕುದುರೆಯನ್ನು ಮದುವೆಯಾದಳು. ತಂದೆ ಸಿಟ್ಟಿನಿಂದ ಅದನ್ನು ಹಿಪ್ಪುನೇರಳೆ ಮರಕ್ಕೆ ನೇತುಹಾಕಿ ಕೊಂದನು. ತಬ್ಬಿ ಅಳುತ್ತಿದ್ದ ಮಗಳು ಕುದುರೆಯ ತಲೆಯೊಡನೆ ಆಕಾಶಕ್ಕೆ ಹಾರಿಹೋದಳು. ಇದು 69ನೆಯ ಕಥೆ. ಕುದುರೆ, ಹಿಪ್ಪುನೇರಳೆ, ರೇಷ್ಮೆ ಎಂಬ ಮೂರು ಜೀವನೋಪಾಯಗಳು ಒಂದೇ ದೇವರಲ್ಲಿ ಕೂಡಿಕೊಂಡಿವೆ. ದೆನ್ಶೋಎನ್ ಎಂಬ ಜನಪದ ಆವರಣದ ಪುಟ್ಟ ಗುಡಿಯಲ್ಲಿ ಸಾವಿರ ಓಶಿರಾಸಾಮಾ ಕಡ್ಡಿಗಳನ್ನು ಸಾಲಾಗಿ ಇರಿಸಿದ್ದಾರೆ.

ಜಾಶಿಕಿ-ವರಾಶಿ: ಸಿರಿವಂತರ ಮನೆಯ ನಡುಕೋಣೆಯಲ್ಲಿ ವಾಸಿಸುವ ಮಗುವಿನ ರೂಪದ ದೈವ. ಅದಿರುವಷ್ಟು ಕಾಲ ಮನೆಗೆ ಏಳಿಗೆ, ಬಿಟ್ಟುಹೋದರೆ ಪತನ. ಯಾಮಾಗುಚಿಯ ಒಂದು ದೊಡ್ಡ ಮನೆಯಿಂದ ಇಬ್ಬರು ಅಪರಿಚಿತ ಹುಡುಗಿಯರು ಹೊರಟುಹೋದುದನ್ನು ದಾರಿಹೋಕನೊಬ್ಬ ಕಂಡ ಮೇಲೆ, ಮನೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷದ ಅಣಬೆ ತಿಂದು ಒಂದೇ ದಿನ ಸತ್ತರು, ಆಡಲು ಹೋಗಿದ್ದ ಏಳು ವರ್ಷದ ಹುಡುಗಿಯೊಬ್ಬಳು ಮಾತ್ರ ಉಳಿದಳು ಎಂದು ಕಥೆ.

ಕಪ್ಪಾ: ನೀರಿನ ಜೀವಿ. ಜಪಾನಿನ ಬೇರೆಡೆ ಹಸಿರು ಮೈಯದಾದರೆ ತೋನೊದಲ್ಲಿ ಕೆಂಪು ಮೋರೆಯದು. ಕುದುರೆಯನ್ನು ಹೊಳೆಗೆ ಎಳೆಯಲು ಹೋಗಿ ತಾನೇ ಲಾಯದವರೆಗೆ ಎಳೆಸಿಕೊಂಡು ಬಂದು ಸಿಕ್ಕಿಬಿದ್ದ ಕಪ್ಪಾನ ಕಥೆ ಜನಪ್ರಿಯ. ಜೋಕೆನ್‌ಜಿ ದೇಗುಲದ ಹಿಂದಿನ ತೊರೆಯ ಮಡು ‘ಕಪ್ಪಾಬುಚಿ’ಗೆ ಪ್ರವಾಸಿಗರು ತಪ್ಪದೆ ಬರುತ್ತಾರೆ. ದೇಗುಲಕ್ಕೆ ಬೆಂಕಿ ಬಿದ್ದಾಗ ಕಪ್ಪಾ ನೀರು ಚಿಮ್ಮಿಸಿ ಆರಿಸಿತೆಂಬ ನಂಬಿಕೆಯಿಂದ ಅಲ್ಲಿನ ಕಾವಲು ನಾಯಿಯ ಶಿಲ್ಪದ ನೆತ್ತಿಯಲ್ಲಿ ಕಪ್ಪಾನಂತೆ ಬಟ್ಟಲಾಕಾರದ ಕುಳಿಯಿದೆ. ಪ್ರವಾಸೋದ್ಯಮ ಸಂಘ ‘ಕಪ್ಪಾ ಹಿಡಿಯುವ ಪರವಾನಗಿ’ಯನ್ನು ಮಾರುತ್ತದೆ: ಗಾಯ ಮಾಡದೆ ಜೀವಂತ ಹಿಡಿಯಬೇಕು, ಲೋಹದ ಕೊಕ್ಕೆ ಕೂಡದು, ಎರೆಗೆ ಹೊಸ ತರಕಾರಿಯನ್ನೇ ಬಳಸಬೇಕು ಎಂಬ ನಿಯಮಗಳು ಅದರಲ್ಲಿವೆ.

ಬೇಸಾಯ

ಹಿಂದೆ ಎತ್ತರದ ಹೊಲಗಳಲ್ಲಿ ಊದಲು, ನವಣೆ, ಸೋಯಾ ಬೆಳೆದು ಉಣ್ಣುತ್ತಿದ್ದ ಕಣಿವೆಯಲ್ಲಿ, ಚಳಿ ತಡೆಯುವ ತಳಿಗಳು ಮತ್ತು ನೀರಾವರಿ ಬಂದ ಮೇಲೆ ಭತ್ತ ಮುಖ್ಯ ಬೆಳೆಯಾಯಿತು. ಹೊಗೆಸೊಪ್ಪು, ತರಕಾರಿ, ಮಾಂಸದ ದನ, ಹಾಲು ಇತರ ಆದಾಯಗಳು. ಮಿಯಾಮೊರಿಯ ತಣ್ಣನೆಯ ಚಿಲುಮೆ ನೀರಿನಲ್ಲಿ ವಾಸಾಬಿ ಬೆಳೆಯುತ್ತಾರೆ.

ತೋನೊಗೆ ವಿಶಿಷ್ಟವಾದ ಬೆಳೆ ಹಾಪ್ಸ್. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಈ ಬಳ್ಳಿಗೆ ತಂಪು ಹವೆ ಬೇಕು. 1963ರಲ್ಲಿ ಕಿರಿನ್ ಬಿಯರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ರೈತರು ಇದನ್ನು ಬೆಳೆಯತೊಡಗಿದರು. ಬೇಸಿಗೆಯಲ್ಲಿ ಬಳ್ಳಿ ಐದು ಮೀಟರಿನಷ್ಟು ಎತ್ತರದ ತಂತಿಗಳ ಮೇಲೆ ಹಬ್ಬಿ, ಆಗಸ್ಟ್ ಕೊನೆಯ ಹೊತ್ತಿಗೆ ಹಸಿರು ಕಾಯಿಯಂತಹ ಹೂಗೊಂಚಲು ಕಟಾವಿಗೆ ಬರುತ್ತದೆ. ತೋನೊದ ಹಾಪ್ಸನ್ನು ಒಣಗಿಸದೆ, ಹಸಿಯಾಗಿಯೇ ಹೆಪ್ಪುಗಟ್ಟಿಸಿ ಬಳಸುವ ಬಿಯರನ್ನು ಕಿರಿನ್ 2004ರಿಂದ ವರ್ಷಕ್ಕೊಮ್ಮೆ ಬಿಡುಗಡೆ ಮಾಡುತ್ತಿದೆ. 1970ರ ದಶಕದಲ್ಲಿ ಇನ್ನೂರು ದಾಟಿದ್ದ ಹಾಪ್ಸ್ ಬೆಳೆಗಾರರ ಸಂಖ್ಯೆ, ಕಡಿಮೆ ಬೆಲೆಯ ಆಮದು ಮತ್ತು ರೈತರ ಮುಪ್ಪಿನಿಂದಾಗಿ ಕೆಲವು ಹತ್ತುಗಳಿಗೆ ಇಳಿದಿದೆ. ಇದಕ್ಕೆ ಉತ್ತರವಾಗಿ ನಗರ 2015ರಿಂದ ಹಾಪ್ಸ್ ಸುಗ್ಗಿ ಹಬ್ಬ ನಡೆಸುತ್ತಿದೆ, ಹೊರಗಿನ ಯುವಕರನ್ನು ಬೇಸಾಯಕ್ಕೆ ಕರೆಯುತ್ತಿದೆ. ಸಣ್ಣ ಬಿಯರ್ ತಯಾರಕರೂ ಇಲ್ಲಿ ನೆಲೆಯೂರಿದ್ದಾರೆ.

ಜಪಾನಿನಲ್ಲಿ ಮನೆಯಲ್ಲಿ ಮದ್ಯ ತಯಾರಿಸುವುದು ಮೇಜಿ ಕಾಲದಿಂದ ನಿಷಿದ್ಧ. ಆದರೆ ಸೋಸದ, ಬೆಳ್ಳನೆಯ ಅಕ್ಕಿಮದ್ಯ ‘ದೊಬುರೊಕು’ವನ್ನು ಅತಿಥಿಗೃಹ ನಡೆಸುವ ರೈತರು ತಾವೇ ತಯಾರಿಸಿ ಬಡಿಸಲು ಅನುಮತಿ ನೀಡುವ ವಿಶೇಷ ವಲಯಗಳಲ್ಲಿ ತೋನೊ ಮೊದಲನೆಯದು, 2003ರಲ್ಲಿ ಈ ಮಾನ್ಯತೆ ದೊರೆಯಿತು.

ಊಟದಲ್ಲಿ ಗೋಧಿ ಹಿಟ್ಟಿನ ಕಣಕವನ್ನು ಚೂರುಚೂರಾಗಿ ಕಿತ್ತು ತರಕಾರಿ ಸಾರಿನಲ್ಲಿ ಬೇಯಿಸುವ ‘ಹಿತ್ತ್ಸುಮಿ’ ಹಳೆಯದು. ಕುರಿಮಾಂಸವನ್ನು ಉಬ್ಬು ಕಾವಲಿಯ ಮೇಲೆ ಸುಡುವ ‘ಜಿಂಗಿಸುಕಾನ್’ ಮಹಾಯುದ್ಧದ ನಂತರ ಹರಡಿದ್ದು. ಇಂದು ಅದೇ ಊರಿನ ಮೆಚ್ಚಿನ ತಿನಿಸು. ತೂತು ಕೊರೆದ ತಗಡಿನ ಬಕೆಟ್ಟನ್ನು ಒಲೆಯಾಗಿಸಿ ಹೊಲದ ಬದಿಯಲ್ಲೂ ಇದನ್ನು ಸುಡುತ್ತಾರೆ.

ರೈಲು ಮತ್ತು ರಸ್ತೆ

ಹನಮಾಕಿಯಿಂದ ಪೂರ್ವಕ್ಕೆ ಇವಾತೆ ಲಘು ರೈಲ್ವೆ ಎಂಬ ಕಿರಿದಾದ ಹಳಿ 1913ರಿಂದ 1915ರ ಅವಧಿಯಲ್ಲಿ ಹಂತಹಂತವಾಗಿ ತೆರೆಯಿತು. ತೋನೊ ದಾಟಿ ಸೆನ್ನಿನ್ ಕಣಿವೆದಾರಿಯ ಬುಡಕ್ಕೆ ಅದು ನಿಂತಿತು. ಅಲ್ಲಿಂದಾಚೆಗೆ ಸರಕು ತೂಗುಹಗ್ಗದ ಮೇಲೆ, ಜನ ಕಾಲ್ನಡಿಗೆಯಲ್ಲಿ ಕಾಮಾಇಶಿಯ ಕಡೆಗೆ ಇಳಿಯುತ್ತಿದ್ದರು. 1936ರಲ್ಲಿ ರೈಲ್ವೆ ಸರ್ಕಾರದ್ದಾಯಿತು. ಅಗಲ ಹಳಿಯ ಕಾಮಾಇಶಿ ಮಾರ್ಗ ಕಡಲಿನವರೆಗೆ ಪೂರ್ತಿಯಾದದ್ದು 1950ರಲ್ಲಿ. ಹನಮಾಕಿಯ ಕವಿ ಮಿಯಾಜಾವಾ ಕೆಂಜಿಯವರ ಆಕಾಶಗಂಗೆಯ ರೈಲಿನ ಕಥೆಗೆ ಈ ಮಾರ್ಗ ಪ್ರೇರಣೆಯೆಂದು ಹೇಳುತ್ತಾರೆ. ಮಿಯಾಮೊರಿಯ ಕಮಾನು ಸೇತುವೆ ಈ ಕಾರಣಕ್ಕೆ ಪ್ರಸಿದ್ಧ. ಕೆಂಜಿಯವರ ನೆನಪಿಗಾಗಿ 2014ರಿಂದ 2023ರವರೆಗೆ ಇಲ್ಲಿ ಉಗಿಬಂಡಿಯೊಂದು ಓಡಿತು. ಹನಮಾಕಿ–ಕಾಮಾಇಶಿ ಹೆದ್ದಾರಿ 2019ರಲ್ಲಿ ಪೂರ್ಣವಾಗಿ ತೆರೆಯಿತು.

2011ರ ಸುನಾಮಿ

2011ರ ಮಾರ್ಚ್ 11ರ ಭೂಕಂಪದಲ್ಲಿ ತೋನೊ ನಗರಸಭೆಯ ಮುಖ್ಯ ಕಟ್ಟಡ ಬಳಸಲಾರದಷ್ಟು ಹಾಳಾಯಿತು. ಆದರೂ ಅದೇ ದಿನದಿಂದ ಊರು ಕಡಲತೀರದ ನೆರವಿಗೆ ನಿಂತಿತು. ಕಾಮಾಇಶಿ, ಓತ್ಸುಚಿ, ರಿಕುಜೆನ್‌ತಕಾತಾ, ಓಫುನಾತೊ, ಮಿಯಾಕೊ ಎಲ್ಲವೂ ಇಲ್ಲಿಂದ ಸುಮಾರು ಒಂದು ಗಂಟೆಯ ದಾರಿ. ಸುನಾಮಿಯ ನೀರು ಇಲ್ಲಿಗೆ ಬರಲಾರದು. ಈ ಅನುಕೂಲವನ್ನು ಮೇಯರ್ ಹೋಂಡಾ ತೊಶಿಆಕಿಯವರ ಆಡಳಿತ ಮೊದಲೇ ಗುರುತಿಸಿ, 2007 ಮತ್ತು 2008ರಲ್ಲಿ ವಿಪತ್ತು ಎದುರಿಸುವ ದೊಡ್ಡ ತಾಲೀಮುಗಳಿಗೆ ಊರನ್ನು ಒದಗಿಸಿತ್ತು. ರಕ್ಷಣಾ ಪಡೆ, ಪೊಲೀಸರು, ಅಗ್ನಿಶಾಮಕರು, ವೈದ್ಯರು ಇಲ್ಲಿ ಬೀಡುಬಿಟ್ಟರು. ಊರವರು ಅನ್ನದುಂಡೆ ಕಟ್ಟಿ ಕಳಿಸಿದರು. ದೇಶದ ಎಲ್ಲೆಡೆಯಿಂದ ಬಂದ ಸ್ವಯಂಸೇವಕರನ್ನು ‘ತೋನೊ ಮಾಗೊಕೊರೊ ನೆಟ್’ ಸಂಘಟಿಸಿತು. ಉಪ್ಪು, ಮೀನು ಹೊತ್ತ ಕುದುರೆಗಳು ಬರುತ್ತಿದ್ದ ಹಳೆಯ ದಾರಿಗಳಲ್ಲೇ ಪರಿಹಾರದ ಲಾರಿಗಳು ಕಡಲಿಗಿಳಿದವು.

ಹಬ್ಬ ಮತ್ತು ನೋಡುವ ಸ್ಥಳಗಳು

ಸೆಪ್ಟೆಂಬರಿನ ತೋನೊ ಹಬ್ಬದಲ್ಲಿ ಹಳ್ಳಿಹಳ್ಳಿಯ ತಂಡಗಳು ‘ಶಿಶಿ-ಒದೊರಿ’ ಕುಣಿಯುತ್ತವೆ. ಕೊಂಬಿನ ಮುಖವಾಡ ತೊಟ್ಟು, ಮರದಿಂದ ಹೆರೆದ ತೆಳು ಎಳೆಗಳನ್ನು ಕೇಸರದಂತೆ ಇಳಿಬಿಟ್ಟುಕೊಂಡು ಕುಣಿಯುವುದು ಇಲ್ಲಿನ ರೂಢಿ. ತೋನೊಗೊ ಹಾಚಿಮಾನ್ ಗುಡಿಯ ಅಂಗಳದಲ್ಲಿ ಓಡುವ ಕುದುರೆಯ ಮೇಲಿನಿಂದ ಬಾಣ ಬಿಡುವ ‘ಯಾಬುಸಾಮೆ’ ನಡೆಯುತ್ತದೆ.

ನಗರದ ವಸ್ತುಸಂಗ್ರಹಾಲಯ 1980ರಲ್ಲಿ ಆರಂಭವಾಯಿತು. ‘ತೋನೊ ಮೊನೊಗತಾರಿ’ ಭವನದಲ್ಲಿ ಯಾನಗಿತಾ ಉಳಿದುಕೊಂಡಿದ್ದ ಹಳೆಯ ವಸತಿಗೃಹವನ್ನೂ ಟೋಕಿಯೊದಿಂದ ತಂದು ನಿಲ್ಲಿಸಿದ ಅವರ ಕೊನೆಗಾಲದ ಮನೆಯನ್ನೂ ನೋಡಬಹುದು. ವಯಸ್ಸಾದ ಕಥೆಗಾರರು ಅಲ್ಲಿ ಊರಿನ ಆಡುನುಡಿಯಲ್ಲೇ ಕಥೆ ಹೇಳುತ್ತಾರೆ. ಫುರುಸಾತೊ ಮುರಾ ಎಂಬ ಆವರಣದಲ್ಲಿ ಹಲವು ಮಗಾರಿಯಾ ಮನೆಗಳನ್ನು ಹೊಲ, ನೀರುಗಾಲುವೆಗಳ ಸಮೇತ ಉಳಿಸಿಕೊಳ್ಳಲಾಗಿದೆ. ಫುಕುಸೆನ್‌ಜಿ ದೇಗುಲದಲ್ಲಿ ಮರದಲ್ಲಿ ಕೆತ್ತಿದ, ಸುಮಾರು 17 ಮೀಟರ್ ಎತ್ತರದ ಕರುಣೆಯ ಬೋಧಿಸತ್ವ ಕಣ್ಣೋನ್ ವಿಗ್ರಹವಿದೆ.

ಇಂದಿನ ಸ್ಥಿತಿ

ಜಪಾನಿನ ಇತರ ಗ್ರಾಮೀಣ ನಗರಗಳಂತೆ ತೋನೊವೂ ಜನರನ್ನು ಕಳೆದುಕೊಳ್ಳುತ್ತಿದೆ. 2005ರ ವಿಲೀನದ ಹೊತ್ತಿಗೆ 30,000 ಮೀರಿದ್ದ ಜನಸಂಖ್ಯೆ ಹದಿನೈದು ವರ್ಷಗಳಲ್ಲಿ ಐದನೆಯ ಒಂದು ಪಾಲಿನಷ್ಟು ಕುಗ್ಗಿದೆ. ಸುಮಾರು ಐದರಲ್ಲಿ ಇಬ್ಬರು 65 ವರ್ಷ ದಾಟಿದವರು. ಪಾಳುಬಿದ್ದ ಗದ್ದೆ, ಬೀಗ ಹಾಕಿದ ಮನೆ, ಹೊಲಕ್ಕಿಳಿಯುವ ಜಿಂಕೆ, ಕರಡಿಗಳು ಇಂದಿನ ಸಮಸ್ಯೆಗಳು. ಪ್ರವಾಸಿಗರು ಹುಡುಕಿಕೊಂಡು ಬರುವ ಕಪ್ಪಾ, ಓಶಿರಾಸಾಮಾಗಳು ಕುದುರೆ ಸಾಕಿ, ರೇಷ್ಮೆ ಬೆಳೆದು, ಕ್ಷಾಮ ಉಂಡ ರೈತರು ಕಟ್ಟಿಕೊಂಡ ದೈವಗಳು. ಆದ್ದರಿಂದ ತೋನೊದಲ್ಲಿ ಕಥೆಗಳನ್ನು ಉಳಿಸುವ ಕೆಲಸ ವಸ್ತುಸಂಗ್ರಹಾಲಯದಲ್ಲಿ ಮುಗಿಯುವಂಥದಲ್ಲ; ಕಣಿವೆಯಲ್ಲಿ ಬೇಸಾಯ ಉಳಿದರೆ ಮಾತ್ರ ಅವುಗಳಿಗೆ ಹೇಳುವವರೂ ಅರ್ಥವೂ ಉಳಿಯುತ್ತವೆ.